ಕಣ್ಣಿಗೆ ಬೀಳುವ ಹೂವು

ಹೂವೆಂಬ ಮಾತು ಕನ್ನಡದಲ್ಲಿ ಮಂಗಳಕರವಾದುದು. ದೇವರಿಗೆ ಹೂವು, ಮುಡಿಗೆ ಹೂವು, ಮದುವೆಯ ಚಪ್ಪರಕ್ಕೆ ಹೂವು. ಆದರೆ ಇದೇ ಮಾತಿಗೆ ನಮ್ಮ ಹಳ್ಳಿಗರ ಬಾಯಲ್ಲಿ ದಾರುಣವಾದ ಇನ್ನೊಂದು ಅರ್ಥವಿದೆ. "ಅವನ ಕಣ್ಣಿಗೆ ಹೂವು ಬಿದ್ದಿದೆ" ಎಂದು ಅವರು ಹೇಳಿದರೆ, ಕರಿಯ ಗುಡ್ಡೆಯ ಮೇಲೆ ಬಿಳಿಯ ಕಲೆಯೊಂದು ನಿಂತು, ಆ ಕಣ್ಣಿನ ಬೆಳಕು ಆರಿಹೋಗಿದೆಯೆಂದು ತಿಳಿಯಬೇಕು. ಈ ಮಾತನ್ನು ಆಡುವವರ ಧ್ವನಿಯಲ್ಲಿ ಆಶ್ಚರ್ಯವೂ ಇರುವುದಿಲ್ಲ, ಆಕ್ರೋಶವೂ ಇರುವುದಿಲ್ಲ. ಹಣೆಯ ಬರಹವೆಂದು ಅದನ್ನು ಒಪ್ಪಿಕೊಂಡಾಗಿದೆ. ಅದು ಹಣೆಯ ಬರಹವಲ್ಲ, ಅದಕ್ಕೆ ಕಾರಣವಿದೆ, ಕ್ರಮವಿದೆ, ಬಹುಮಟ್ಟಿಗೆ ತಡೆಯೂ ಇದೆ ಎಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಜೀವನವು ಭತ್ತದ ಗದ್ದೆಯನ್ನೂ ಅಡಿಕೆಯ ತೋಟವನ್ನೂ ನಂಬಿಕೊಂಡಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂಜಿ ತೋಟಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುವುದು, ಮಳೆ ನಿಂತ ಮೇಲೆ ಗದ್ದೆಯ ಕೊಯ್ಲು, ಕೊನೆ ಇಳಿಸುವುದು, ರಾತ್ರಿಯ ಹೊತ್ತು ಅಡಿಕೆ ಸುಲಿಯುವುದು. ಇವಿಷ್ಟರಲ್ಲಿ ವರ್ಷವು ಕಳೆಯುತ್ತದೆ. ಕೈಗೆ ತಾಗಿದ ಕತ್ತಿಯ ಗಾಯವನ್ನು ಎಲ್ಲರೂ ಕಾಣುತ್ತಾರೆ. ಕಣ್ಣಿಗೆ ತಾಗಿದ ಭತ್ತದ ಗರಿಯನ್ನು ಯಾರೂ ಕಾಣುವುದಿಲ್ಲ. ಆಳು ಒಂದು ಕ್ಷಣ ಕಣ್ಣುಜ್ಜಿಕೊಳ್ಳುತ್ತಾನೆ, ಸೆರಗಿನಿಂದಲೋ ಪಂಚೆಯ ತುದಿಯಿಂದಲೋ ಒರೆಸಿಕೊಳ್ಳುತ್ತಾನೆ, ಮತ್ತೆ ಬಗ್ಗಿ ಕೊಯ್ಯುತ್ತಾನೆ. ಕೂಲಿ ತಪ್ಪಿಸಿಕೊಂಡು ಆಸ್ಪತ್ರೆಗೆ ಹೋಗುವಂಥ ನೋವು ಆಗಿನ್ನೂ ಬಂದಿರುವುದಿಲ್ಲ. ಆ ನೋವು ಬರುವ ವೇಳೆಗೆ ಮೂರು ನಾಲ್ಕು ದಿನಗಳು ಕಳೆದಿರುತ್ತವೆ. ಕಣ್ಣನ್ನು ಕಳೆಯುವುದಕ್ಕೆ ಅಷ್ಟು ದಿನಗಳು ಸಾಕು.

ಕುರುಡೆಂದರೆ ವೃದ್ಧಾಪ್ಯದ ಪೊರೆಯೆಂದೇ ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ಐವತ್ತು ವರ್ಷ ದಾಟಿದವರ ಮಟ್ಟಿಗೆ ಈ ಭಾವನೆ ತಪ್ಪಲ್ಲ. 2015ರಿಂದ 2019ರವರೆಗೆ ಕೇಂದ್ರ ಸರಕಾರದವರು ನಡೆಸಿದ ಅಂಧತ್ವದ ಸಮೀಕ್ಷೆಯಲ್ಲಿ ಆ ವಯಸ್ಸಿನವರ ಕುರುಡಿಗೆ 100ಕ್ಕೆ 66ರಷ್ಟು ಕಾರಣವು ಪೊರೆಯೇ ಆಗಿತ್ತು. ಆದರೆ ಐವತ್ತರ ಒಳಗಿನವರ ಲೆಕ್ಕವು ಬೇರೆಯ ಕಥೆಯನ್ನು ಹೇಳುತ್ತದೆ. ಅಲ್ಲಿ ಮೊದಲನೆಯ ಕಾರಣವು ಕಾರ್ನಿಯಾದ ಬಿಳುಪು. 100ಕ್ಕೆ 37ಕ್ಕೂ ಮಿಕ್ಕು. ಪೊರೆಯನ್ನು ತೆಗೆಯಬಹುದು, ದೃಷ್ಟಿಯು ಮರಳಿ ಬರುತ್ತದೆ. ಹೂವು ಬಿದ್ದ ಕಣ್ಣಿಗಾದರೋ ಮತ್ತೊಬ್ಬರ ಕಾರ್ನಿಯಾವನ್ನು ಕಸಿ ಮಾಡುವುದಲ್ಲದೆ ಬೇರೆ ದಾರಿ ಸಾಮಾನ್ಯವಾಗಿ ಇಲ್ಲ. ಮುದುಕನ ಕುರುಡು ಮನೆಗೆ ದುಃಖವನ್ನು ತರುತ್ತದೆ. ದುಡಿಯುವವನ ಕುರುಡು ಮನೆಯನ್ನೇ ಮುರಿಯುತ್ತದೆ.

ಇನ್ನು ಈ ರೋಗವು ನಡೆಯುವ ಕ್ರಮವನ್ನು ನೋಡೋಣ. ಕಾರ್ನಿಯಾ ಅಥವಾ ಪಾರಪಟಲವೆಂಬುದು ಕಣ್ಣಿನ ಮುಂದಣ ಗಾಜು. ಅದರ ದಪ್ಪವು ಸುಮಾರು ಅರ್ಧ ಮಿಲಿಮೀಟರು ಮಾತ್ರ. ಅದು ಪಾರದರ್ಶಕವಾಗಿರಬೇಕಾದ್ದರಿಂದ ಪ್ರಕೃತಿಯು ಅದರಲ್ಲಿ ರಕ್ತನಾಳಗಳನ್ನೇ ಇಟ್ಟಿಲ್ಲ. ಈ ಸೌಂದರ್ಯದ ಬೆಲೆಯೇ ಅದರ ದೌರ್ಬಲ್ಯ: ದೇಹದ ಕಾವಲು ಪಡೆಯು ಅಲ್ಲಿಗೆ ತಡವಾಗಿ ಬರುತ್ತದೆ. ಮೇಲಣ ತೆಳುವಾದ ಜೀವಕೋಶದ ಪದರವೇ ಅದರ ಕೋಟೆಯ ಗೋಡೆ. ಗೋಡೆ ಇಡಿಯಾಗಿರುವ ತನಕ ಧೂಳಿನಲ್ಲಿಯೂ ಎಲೆಯ ಮೇಲೆಯೂ ಇರುವ ಅಣಬೆಯ ಬೀಜಗಳು ಒಳಗೆ ಹೋಗಲಾರವು. ಭತ್ತದ ಗರಿಯು ಗೀರಿದಾಗ ಗೋಡೆಯಲ್ಲಿ ಕಂಡಿ ಬೀಳುತ್ತದೆ. ಮಾತ್ರವಲ್ಲ, ಗೀರಿದ ಆ ಗರಿಯೇ ಬೀಜವನ್ನು ಕಂಡಿಯೊಳಗೆ ಬಿತ್ತಿಹೋಗುತ್ತದೆ. ಸಾಮಾನ್ಯ ಗೀರು ಒಂದೆರಡು ದಿನಗಳಲ್ಲಿ ತಾನಾಗಿ ಮಾಯುವುದುಂಟು. ಆದರೆ ಬೀಜವು ಮೊಳೆತರೆ ಅದರ ಎಳೆಗಳು ಪದರ ಪದರವಾಗಿ ಕೆಳಗಿಳಿಯುತ್ತವೆ. ಕಾರ್ನಿಯಾದ ಹಿಂದಣ ಪೊರೆಯನ್ನೂ ಕೊರೆದು ಕಣ್ಣಿನ ಗರ್ಭಕ್ಕೆ ಹೋಗಬಲ್ಲವು. ಅವುಗಳನ್ನು ಎದುರಿಸಲು ಬಂದ ಬಿಳಿಯ ರಕ್ತಕಣಗಳು ಸುರಿಸುವ ರಸಗಳು ಶತ್ರುವಿನೊಡನೆ ನಮ್ಮ ಕಾರ್ನಿಯಾದ ತಂತುಗಳನ್ನೂ ಕರಗಿಸುತ್ತವೆ. ಕದನವು ಮುಗಿದ ಮೇಲೆ ಆ ರಣಭೂಮಿಯಲ್ಲಿ ಉಳಿಯುವ ಕಲೆಯೇ ನಮ್ಮವರು ಹೇಳುವ ಹೂವು.

ಈ ಜ್ಞಾನವು ಆಕಾಶದಿಂದ ಇಳಿದು ಬಂದುದಲ್ಲ. ನಮ್ಮ ನೆರೆನಾಡಿನಲ್ಲಿಯೇ ಕುಳಿತು ದುಡಿದವರು ಗಳಿಸಿದ್ದು. ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ ಸ್ಥಾಪಿಸಿದ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು 1994ರ ಮೊದಲ ಮೂರು ತಿಂಗಳುಗಳಲ್ಲಿ ತಮ್ಮಲ್ಲಿಗೆ ಬಂದ 434 ಮಂದಿಯ ಕಾರ್ನಿಯಾ ಹುಣ್ಣುಗಳನ್ನು ಪರೀಕ್ಷಿಸಿದರು. ಅವರಲ್ಲಿ 284 ಮಂದಿಗೆ ಮೊದಲು ಕಣ್ಣಿಗೆ ಪೆಟ್ಟು ತಗುಲಿತ್ತು. ಸೂಕ್ಷ್ಮಜೀವಿಗಳು ಬೆಳೆದು ಕಾಣಿಸಿಕೊಂಡ ಹುಣ್ಣುಗಳಲ್ಲಿ ಹೆಚ್ಚು ಕಡಮೆ ಅರ್ಧಕ್ಕೆ ಅಣಬೆಯೇ ಕಾರಣವಾಗಿತ್ತು. ಅದರಲ್ಲಿಯೂ ಫ್ಯುಸೇರಿಯಮ್ ಎಂಬ ಜಾತಿಯದು ಮುಂದು. ಮಧುರೆ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ 113 ಜನರಿಗೆ ಇಂಥ ಹುಣ್ಣು ಆಗುತ್ತಿದೆಯೆಂದು ಇನ್ನೊಂದು ಲೆಕ್ಕವು ತೋರಿಸಿತು. ಅಮೆರಿಕದ ಮಿನಿಸೋಟಾ ಸಂಸ್ಥಾನದ ಒಂದು ಕೌಂಟಿಯಲ್ಲಿ ಇದೇ ಸಂಖ್ಯೆಯು 11 ಮಾತ್ರ. ಹತ್ತು ಪಟ್ಟಿನ ಈ ಅಂತರವು ಜನಾಂಗದ ಅಂತರವಲ್ಲ. ಗದ್ದೆಯ, ಬಡತನದ ಮತ್ತು ವಿಳಂಬದ ಅಂತರ.

ಔಷಧದ ವಿಚಾರದಲ್ಲಿಯೂ ಇಂಥ ಸಂಶೋಧನೆಯು ಕಣ್ಣು ತೆರೆಸಿದೆ. ನಾಟಮೈಸಿನ್ ಎಂಬ ಹಳೆಯ ಔಷಧಕ್ಕಿಂತ ವೊರಿಕೊನಜೋಲ್ ಎಂಬ ಹೊಸತು ಮೇಲಾಗಿರಬಹುದೆಂಬ ನಿರೀಕ್ಷೆಯು ಬಲ್ಲವರಲ್ಲಿಯೂ ಇತ್ತು. ಅರವಿಂದ ಸಂಸ್ಥೆಯವರೂ ಅಮೆರಿಕದ ವಿದ್ವಾಂಸರೂ ಕೂಡಿ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶವು ಹಳೆಯ ನಾಟಮೈಸಿನ್ನೇ ಮೇಲೆಂದು ತೋರಿಸಿತು; ಫ್ಯುಸೇರಿಯಮ್ಮಿನ ಹುಣ್ಣಿನಲ್ಲಂತೂ ಅಂತರವು ಬಹಳ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಹೊಸದೆಲ್ಲ ಹಿರಿದೆಂಬ ಭ್ರಮೆಯನ್ನು ಶಾಸ್ತ್ರವೇ ಕಳೆಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೆ ಔಷಧವು ಫಲಿಸಬೇಕಾದರೆ ಮೊದಲು ಶತ್ರುವು ಯಾರೆಂದು ತಿಳಿಯಬೇಕು. ಬ್ಯಾಕ್ಟೀರಿಯಾದ ಹುಣ್ಣಿಗೆ ಹಾಕುವ ಹನಿಯು ಅಣಬೆಯ ಹುಣ್ಣಿಗೆ ನಾಟದು. ಇವೆರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಹುಣ್ಣಿನ ಅಂಚಿನಿಂದ ಸ್ವಲ್ಪ ಕೆರೆದು ತೆಗೆದು, ಪೊಟಾಸಿಯಮ್ ಹೈಡ್ರಾಕ್ಸೈಡಿನ ಒಂದು ಹನಿಯನ್ನು ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಣಬೆಯ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಕಾಣುತ್ತವೆ. ಇದಕ್ಕೆ ಬೇಕಾದುದು ಕೋಟಿ ರೂಪಾಯಿಯ ಯಂತ್ರವಲ್ಲ. ಕಫವನ್ನೂ ಮಲೇರಿಯದ ರಕ್ತವನ್ನೂ ಪರೀಕ್ಷಿಸುವ ಸೂಕ್ಷ್ಮದರ್ಶಕ, ಮತ್ತು ಅದನ್ನು ಹೀಗೂ ಬಳಸಲು ಕಲಿತ ಒಬ್ಬ ಮನುಷ್ಯ.

ಈ ಪರೀಕ್ಷೆಯಿಲ್ಲದೆ ನಡೆಯುವ ಅನಾಹುತಗಳು ಎರಡು ಬಗೆಯವು. ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಇವುಗಳನ್ನು ಗೀರಿದ ಕಣ್ಣಿಗೆ ಹಾಕುವುದು ಒಂದು. ಹಾಕುವವರ ಪ್ರೀತಿಯಲ್ಲಿ ನಮಗೆ ಸಂದೇಹವಿಲ್ಲ; ಆದರೆ ಮುರಿದ ಗೋಡೆಯ ಕಂಡಿಯಲ್ಲಿ ಸೊಪ್ಪಿನ ರಸವನ್ನು ಸುರಿಯುವುದೆಂದರೆ ಸೊಪ್ಪಿನ ಮೇಲಿನ ಸೂಕ್ಷ್ಮಜೀವಿಗಳಿಗೂ ಬಾಗಿಲು ತೆರೆದಂತೆಯೇ. ಎರಡನೆಯದು ಓದು ಬಲ್ಲವರ ಅಪರಾಧ. ಕೆಂಪು ಇಳಿಯಲೆಂದು ಔಷಧದ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಬೆರೆತ ಹನಿಯನ್ನು ಕೊಡುವುದೂ ಕೊಳ್ಳುವುದೂ ಇದೆ. ಅದು ದೇಹದ ಕಾವಲನ್ನು ಮಲಗಿಸುತ್ತದೆ. ಕಣ್ಣು ಎರಡು ದಿನ ತಿಳಿಯಾದಂತೆ ತೋರುತ್ತದೆ; ಒಳಗೆ ಅಣಬೆಯು ನಿರಾತಂಕವಾಗಿ ಬೆಳೆಯುತ್ತದೆ. ಅಜ್ಜಿಯ ಸೊಪ್ಪನ್ನು ಹಳಿಯುವ ಪಟ್ಟಣಿಗರು ಮೊದಲು ತಮ್ಮ ಜೇಬಿನ ಈ ಸೀಸೆಯನ್ನು ಎಸೆಯಲಿ. ಸುಣ್ಣದ ವಿಷಯವನ್ನೂ ಇಲ್ಲಿಯೇ ಹೇಳುವುದು ಅವಶ್ಯ. ಬೋರ್ಡೋ ದ್ರಾವಣಕ್ಕೆ ಕಲಸುವ ಸುಣ್ಣ, ಕವಳದ ಸುಣ್ಣ, ಇವು ಕಣ್ಣಿಗೆ ಬಿದ್ದರೆ ಗೀರಿಗಿಂತ ಬೇಗನೆ ಕಾರ್ನಿಯಾವನ್ನು ಸುಡುತ್ತವೆ. ಆಗ ಮೊದಲು ಓಡಬೇಕಾದುದು ಆಸ್ಪತ್ರೆಗಲ್ಲ, ನೀರಿನ ಬಳಿಗೆ. ರೆಪ್ಪೆಯನ್ನು ಬಿಡಿಸಿ ಸುಣ್ಣದ ಕಣವನ್ನೆಲ್ಲ ತೊಳೆದುಹೋಗುವಂತೆ ಬಹಳ ಹೊತ್ತು ಶುದ್ಧ ನೀರನ್ನು ಹೊಯ್ದು, ಅನಂತರ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಹುಣ್ಣಾಗುವ ಮೊದಲೇ ತಡೆಯುವುದು ಸಾಧ್ಯವೆ? ನೇಪಾಳದ ಭಕ್ತಪುರದಲ್ಲಿ ಇದನ್ನು ಪರೀಕ್ಷಿಸಿದವರ ವೃತ್ತಾಂತವು 2001ರಲ್ಲಿ ಪ್ರಕಟವಾಯಿತು. ಸುಮಾರು 35 ಸಾವಿರ ಜನರ ನಡುವೆ ಗ್ರಾಮದ ಕಾರ್ಯಕರ್ತರು ಎರಡು ವರ್ಷ ದುಡಿದರು. ಗೀರು ಬಿದ್ದ ಕಣ್ಣಿಗೆ ಕ್ಲೋರಾಂಫೆನಿಕಾಲ್ ಲೇಪವನ್ನು ಮೂರು ದಿನ ಹಾಕಿದರು. ಗೀರು ಬಿದ್ದು 18 ಗಂಟೆಗಳೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಮಂದಿಯಲ್ಲಿ 14 ಮಂದಿಗೆ ಹುಣ್ಣಾಯಿತು. ಈ ಅಂಕೆಗಳನ್ನು ಓದಿದಾಗ ಯಾರ ಎದೆಯೂ ಹಿಗ್ಗದಿರದು. ಆದರೆ ಸತ್ಯವನ್ನು ಪೂರ್ಣವಾಗಿ ಹೇಳುವುದು ಪತ್ರಿಕೆಯ ಧರ್ಮ. ಲೇಪವನ್ನು ಪಡೆಯದವರ ಗುಂಪನ್ನು ಜೊತೆಗಿಟ್ಟು ಹೋಲಿಸುವ ಇನ್ನೂ ದೊಡ್ಡ ಪ್ರಯೋಗವು ಅದೇ ನೇಪಾಳದಲ್ಲಿ 24 ಗ್ರಾಮ ಸಮಿತಿಗಳ ಪ್ರದೇಶದಲ್ಲಿ ಮೂರು ವರ್ಷ ನಡೆದು, 2022ರಲ್ಲಿ ಫಲಿತಾಂಶವು ಹೊರಬಂದಿತು. ಒಟ್ಟಿನಲ್ಲಿ ಹುಣ್ಣಿನ ಸಂಖ್ಯೆಯು ಎರಡು ಕಡೆಯೂ ಹೆಚ್ಚು ಕಡಮೆ ಸಮವಾಗಿಯೇ ಇತ್ತು.

ಇದನ್ನು ಕೇಳಿ ಕೈಚೆಲ್ಲುವುದೆ? ನಮ್ಮ ಅಭಿಪ್ರಾಯದಲ್ಲಿ ಇಲ್ಲಿಂದಲೇ ನಿಜವಾದ ಕೆಲಸವು ಆರಂಭವಾಗಬೇಕು. ಬೇಗ ಬಂದವರ ಕಣ್ಣು ಉಳಿಯಿತೆಂಬುದು ಒಂದು ಮಾತು. ಊರಿನ ಎಲ್ಲರನ್ನೂ ಬೇಗ ಬರುವಂತೆ ಮಾಡುವುದು ಇನ್ನೊಂದು ಮಾತು. ಗೀರು ಬಿದ್ದವರೆಲ್ಲರೂ ಕಾರ್ಯಕರ್ತೆಯ ಬಳಿಗೆ ಹೋಗುತ್ತಾರೆಯೆ? ಯಾವ ಅಣಬೆ, ಯಾವ ತಿಂಗಳು, ಯಾವ ಬೆಳೆ, ಯಾವ ಹವೆ? ಮಧುರೆಯ ಒಣ ಬಯಲಿನ ಲೆಕ್ಕವನ್ನಾಗಲಿ ನೇಪಾಳದ ಲೆಕ್ಕವನ್ನಾಗಲಿ ಆಗುಂಬೆಯ ಮಳೆಯಲ್ಲಿ ನೆನೆಯುವ ತೀರ್ಥಹಳ್ಳಿಗೆ ಹಾಗೆಯೇ ಅಂಟಿಸಲಾಗದು. ಮಲೆನಾಡಿನ ಕಣ್ಣಿನ ಲೆಕ್ಕವನ್ನು ಮಲೆನಾಡಿನಲ್ಲಿಯೇ ಬರೆಯಬೇಕು.

ಇಂಥ ಕೆಲಸವು ಈ ನೆಲಕ್ಕೆ ಹೊಸತೆಂದು ಯಾರೂ ಹೇಳದಿರಲಿ. ಶತಮಾನಕ್ಕೂ ಹಿಂದೆ ಕೊಳೆರೋಗವು ಅಡಿಕೆಯ ಕೊನೆಗಳನ್ನು ಉದುರಿಸುತ್ತಿದ್ದಾಗ, ಮೈಸೂರು ಸರಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅಣಬೆಯಂಥ ಒಂದು ಸೂಕ್ಷ್ಮಜೀವಿಯು ಅದಕ್ಕೆ ಕಾರಣವೆಂದು 1910ರಲ್ಲಿ ವಿವರಿಸಿ, ಬೋರ್ಡೋ ದ್ರಾವಣದ ಬಳಕೆಯನ್ನು ರೈತರಿಗೆ ತೋರಿಸಿಕೊಟ್ಟರು. ಮಳೆ ಹಿಡಿಯುವ ಮುಂಚೆಯೇ ಔಷಧ ಹೊಡೆಯಬೇಕು, ಕೊಳೆತ ಮೇಲೆ ಹೊಡೆದು ಫಲವಿಲ್ಲ ಎಂಬ ಪಾಠವನ್ನು ಇಂದು ಮಲೆನಾಡಿನ ಪ್ರತಿಯೊಬ್ಬ ತೋಟಗಾರನೂ ಬಲ್ಲ. ಅನಂತರ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರು ಜ್ವರದಿಂದ ಮಡಿಯತೊಡಗಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದರು. ಸಾಗರದಲ್ಲಿ ಕ್ಷೇತ್ರಠಾಣೆಯನ್ನು ತೆರೆದರು. ಮಂಗವನ್ನೂ ಉಣುಗನ್ನೂ ಕಾಡನ್ನೂ ಮನುಷ್ಯನನ್ನೂ ಒಟ್ಟಿಗೆ ಓದಿದರು. ಆ ರೋಗದಲ್ಲಿಯೂ ಕಣ್ಣು ಕೆಂಪೇರುವುದು, ಬೆಳಕನ್ನು ಸಹಿಸಲಾರದಿರುವುದು ವೈದ್ಯರು ಗುರುತಿಸಿದ ಲಕ್ಷಣಗಳು. ಆದರೆ ಒಮ್ಮೆ ಓದಿದ ಪಾಠವನ್ನು ಮುಚ್ಚಿಟ್ಟರೆ ಆಗುವುದೇನೆಂಬುದನ್ನೂ ಅದೇ ಕಾಯಿಲೆಯು ಕಲಿಸಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಿನ ಮನೆಗಳಲ್ಲಿ ಎದ್ದ ಅಳುವನ್ನು ಈ ಜಿಲ್ಲೆಯವರು ಮರೆಯಲಾರರು. ಜನರು ಸತ್ತಾಗ ಬಂದು, ಸಾವು ನಿಂತಾಗ ಹೋಗುವ ಸಂಶೋಧನೆಯು ಅರ್ಧ ಸಂಶೋಧನೆ. ಕಣ್ಣಿನ ಹೂವಿನಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಆದ್ದರಿಂದಲೇ ಅದಕ್ಕೆ ಗದ್ದಲವಿಲ್ಲ, ಗದ್ದಲವಿಲ್ಲದ್ದರಿಂದಲೇ ಲಕ್ಷ್ಯವಿಲ್ಲ.

ಕನ್ನಡ ನಾಡಿನಲ್ಲಿ ನೇತ್ರವೈದ್ಯದ ಪರಂಪರೆಗೆ ಕೊರತೆಯಿಲ್ಲ. 1896ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ ಹುಟ್ಟಿದ ಕಣ್ಣಾಸ್ಪತ್ರೆಯು 1913ರಲ್ಲಿ ಮಿಂಟೋ ಹೆಸರಿನ ಕಟ್ಟಡವನ್ನು ಸೇರಿ ಇಂದಿಗೂ ಬಡವರ ಆಸರೆಯಾಗಿದೆ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಆಸ್ಪತ್ರೆಗೆ ಬರಲಾರದ ರೋಗಿಯ ಊರಿಗೇ ಆಸ್ಪತ್ರೆಯನ್ನು ಒಯ್ದರು. ಅವರ ಶಿಬಿರಗಳಲ್ಲಿ ಬೆಳಕು ಪಡೆದವರು ಅಸಂಖ್ಯರು. ಡಾಕ್ಟರ್ ಭುಜಂಗ ಶೆಟ್ಟಿಯವರು 1982ರಲ್ಲಿ ಕಟ್ಟಿದ ನಾರಾಯಣ ನೇತ್ರಾಲಯದ ಪ್ರಯೋಗಶಾಲೆಯಲ್ಲಿ ಕಾರ್ನಿಯಾವು ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೊಕೋನಸ್ ರೋಗದ ಮೂಲವನ್ನು ಅರಸುವ ವಿಜ್ಞಾನಿಗಳು, ತಂತುಗಳನ್ನು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ಆ ರೋಗಿಗಳಲ್ಲಿ ಕುಗ್ಗಿರುವುದನ್ನು ತೋರಿಸಿದ್ದಾರೆ. ರಾಜಧಾನಿಯಲ್ಲಿ ಜೀವಕೋಶದ ಮಟ್ಟದ ಇಂಥ ವಿಚಾರವು ನಡೆದಿರುವಾಗ, ಮಲೆನಾಡಿನ ತಾಲ್ಲೂಕು ಕೇಂದ್ರದಲ್ಲಿ ಹುಣ್ಣೊಂದರ ಕೆರೆತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಡೂ ಇರಬೇಕೆಂದು ಕೇಳುವುದು ಅತ್ಯಾಸೆಯೆ?

ಆದಕಾರಣ ನಾವು ಅಧಿಕಾರಿಗಳ ಮುಂದೆಯೂ ವಿದ್ವಾಂಸರ ಮುಂದೆಯೂ ಕೆಲವು ಸೂಚನೆಗಳನ್ನು ಇಡುತ್ತೇವೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸರಕಾರಿ ಆಸ್ಪತ್ರೆಗಳಲ್ಲಿ ಕಣ್ಣಿನ ಹುಣ್ಣಿನ ಕೆರೆತವನ್ನು ಅದೇ ದಿನ ಪರೀಕ್ಷಿಸುವ ಏರ್ಪಾಡು ವರ್ಷದ ಎಲ್ಲ ದಿನವೂ ಇರಲಿ. ನಾಟಮೈಸಿನ್ ಹನಿಯು ಅಲ್ಲಿಯ ದಾಸ್ತಾನಿನಲ್ಲಿ ಎಂದೂ ತಪ್ಪದಿರಲಿ. ಆಶಾ ಕಾರ್ಯಕರ್ತೆಯರಿಗೆ ಕೊಯ್ಲಿಗೆ ಮುನ್ನ ಒಂದು ದಿನದ ಪಾಠವಾಗಲಿ: ಗೀರು ಬಿದ್ದ ಕಣ್ಣನ್ನು ಗುರುತಿಸುವುದು, ಶುದ್ಧ ನೀರಿನಿಂದ ತೊಳೆಸುವುದು, ಏನನ್ನೂ ಹಾಕದೆ ಅಂದೇ ವೈದ್ಯರ ಬಳಿಗೆ ಕಳುಹಿಸುವುದು. ಔಷಧದ ಅಂಗಡಿಗಳಲ್ಲಿ ಸ್ಟೀರಾಯ್ಡ್ ಹನಿಯ ಮಾರಾಟವನ್ನು ತಪಾಸಣೆಯ ಅಧಿಕಾರಿಗಳು ಕಾಗದದ ಮೇಲಲ್ಲದೆ ಕಣ್ಣಾರೆ ನೋಡಲಿ. ಇನ್ನು ಸಂಶೋಧನೆಯ ಮಾತು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯವಿದೆ. ಶಿವಮೊಗ್ಗದಲ್ಲಿ ಸರಕಾರದ ವೈದ್ಯಕೀಯ ಕಾಲೇಜಿದೆ. ಭತ್ತದ ತೆನೆಯ ಮೇಲಿನ ಫ್ಯುಸೇರಿಯಮ್ಮನ್ನು ಬಲ್ಲವರು ಒಂದೆಡೆ, ರೋಗಿಯ ಕಣ್ಣಿನಲ್ಲಿ ಬೆಳೆದ ಫ್ಯುಸೇರಿಯಮ್ಮನ್ನು ಬಲ್ಲವರು ಇನ್ನೊಂದೆಡೆ. ಈ ಇಬ್ಬರೂ ಒಂದು ಮೇಜಿನ ಸುತ್ತ ಕುಳಿತು, ಗದ್ದೆಯ ಅಣಬೆಗೂ ಕಣ್ಣಿನ ಅಣಬೆಗೂ ಇರುವ ನಂಟನ್ನು ತಿಂಗಳು ತಿಂಗಳಿಗೂ ಬರೆದಿಟ್ಟರೆ, ಅದು ಮಲೆನಾಡಿಗೆ ಮಾತ್ರವಲ್ಲ, ಭತ್ತ ಬೆಳೆಯುವ ಏಷ್ಯಾ ಖಂಡಕ್ಕೆಲ್ಲ ಉಪಕಾರವಾದೀತು.

ಮೊದಲು ವೈದ್ಯರನ್ನು ಕೊಡಿ, ಅನಂತರ ಸಂಶೋಧನೆಯ ಮಾತಾಡಿ ಎಂದು ಕೆಲವರು ಹೇಳಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಖಾಲಿ ಬಿದ್ದ ಹುದ್ದೆಯು ಯಾವ ಸಂಶೋಧನೆಯಿಂದಲೂ ತುಂಬದು. ಆದರೆ ಯಾವ ಊರಿಗೆ ಯಾವ ತಿಂಗಳಲ್ಲಿ ಎಂಥ ವೈದ್ಯರು, ಎಷ್ಟು ಔಷಧ ಬೇಕೆಂಬುದನ್ನು ಲೆಕ್ಕವಿಲ್ಲದೆ ಹೇಳುವವರು ಯಾರು? ಲೆಕ್ಕವಿಲ್ಲದ ರೋಗಕ್ಕೆ ಆಯವ್ಯಯದಲ್ಲಿ ಸಾಲು ಇರುವುದಿಲ್ಲ. ದೂರವು ಕಡಮೆಯಾಗುತ್ತಿರುವುದು ಸಂತೋಷವೇ. ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಯವರು ಲಾಂಚನ್ನೇ ನಂಬಿ ದಡದಲ್ಲಿ ಕಾಯುತ್ತಿದ್ದ ಕಾಲವು 2025ರ ಜುಲೈಯಲ್ಲಿ ಸೇತುವೆಯು ತೆರೆದಾಗ ಮುಗಿಯಿತು. ಆದರೆ ಸೇತುವೆಯನ್ನು ದಾಟಿ ಬಂದ ರೋಗಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ "ಶಿವಮೊಗ್ಗಕ್ಕೆ ಹೋಗು" ಎಂಬ ಮಾತಷ್ಟೇ ದೊರೆತರೆ, ನದಿಯನ್ನು ದಾಟಿದರೂ ವಿಳಂಬವನ್ನು ದಾಟಿದಂತಾಗಲಿಲ್ಲ.

ನೇತ್ರದಾನದ ಪುಣ್ಯವನ್ನು ನಮ್ಮ ಜನರು ಅರಿತಿದ್ದಾರೆ. 2006ರಲ್ಲಿ ರಾಜಕುಮಾರರೂ 2021ರಲ್ಲಿ ಅವರ ಕಿರಿಯ ಮಗ ಪುನೀತರೂ ಕಣ್ಣುಗಳನ್ನು ದಾನವಿತ್ತರು; ಪುನೀತರ ಎರಡು ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ಅದನ್ನು ಕಂಡು ಸಾವಿರಾರು ಮಂದಿ ತಾವೂ ಮುಂದೆ ಬಂದರು. ಇದು ನಾಡಿಗೆ ಭೂಷಣ. ಆದರೆ ದಾನದ ಕಣ್ಣು ಅಮೂಲ್ಯವಾದುದು, ಅದಕ್ಕಾಗಿ ಕಾಯುವವರು ಬಹಳ. ಅಣಬೆಯು ತಿಂದ ಕಣ್ಣಿನಲ್ಲಿ ಕಸಿಯು ನಿಲ್ಲುವುದೂ ಕಷ್ಟ. ಸತ್ತವರ ಕಣ್ಣನ್ನು ಬೇಡುವ ಮುನ್ನ ಬದುಕಿರುವವರ ಕಣ್ಣನ್ನು ಉಳಿಸುವುದು ವಿವೇಕವಲ್ಲವೆ?

ಅಡಿಕೆಯ ಮರಕ್ಕೆ ರೋಗ ಬಾರದ ಮುನ್ನವೇ ಔಷಧವನ್ನು ಹೊತ್ತು ಮರ ಹತ್ತಿಸುವ ನಾಡು ಇದು. ಆ ಮರವನ್ನು ಹತ್ತುವವನ ಕಣ್ಣಿಗೆ ಅಷ್ಟೇ ಮುಂಜಾಗ್ರತೆಯನ್ನು ತೋರಿಸಲಾರೆವೆಂದರೆ, ನಾವು ಕೊನೆಯನ್ನು ಮನುಷ್ಯನಿಗಿಂತ ಹೆಚ್ಚಾಗಿ ಎಣಿಸಿದಂತಾಯಿತು. ಮುಂದಿನ ಕೊಯ್ಲು ಬರುವುದರೊಳಗೆ ಮೂರು ತಾಲ್ಲೂಕು ಕೇಂದ್ರಗಳಲ್ಲಿಯೂ ಈ ಏರ್ಪಾಡು ಆಗಿರಲಿ. ಗದ್ದೆಯ ಯಜಮಾನರೂ ಅಂದು ಬೆಳಿಗ್ಗೆ ಆಳುಗಳಿಗೆ ಕತ್ತಿಯನ್ನು ಕೊಡುವಾಗ ಒಂದು ಮಾತನ್ನು ಸೇರಿಸಿ ಹೇಳಲಿ: ಕಣ್ಣಿಗೆ ಗರಿ ತಾಗಿದರೆ ಉಜ್ಜಬೇಡ, ಬಚ್ಚಿಡಬೇಡ, ಅರ್ಧ ದಿನದ ಕೂಲಿ ಕಳೆಯುವುದಿಲ್ಲ, ಈಗಲೇ ಹೊರಡು. ಈ ಮಾತಿಗೆ ಸರಕಾರದ ಅಪ್ಪಣೆಯೂ ಬೇಡ, ವಿದ್ವಾಂಸರ ಗ್ರಂಥವೂ ಬೇಡ.